ಹೊಲಕ್ಕ ಬಂದ ದನ, ಅದರ ಮ್ಯಾಲಿನ ರೊಕ್ಕದ ಜಗಳ ಹೆಂಗ ಬಗಿಹರಸ್ಕೊಬೇಕು

ಬೆಳಿಗ್ಗೆ ಹೊಲಕ್ಕ ಹೋಗಿ ನೋಡಿದ್ರ ಕಡ್ಲಿ ಹೊಲದಾಗ ಯಾರದೋ ಎಮ್ಮಿ ಮೇಯಾಕತ್ತಿರ್ತೈತಿ, ನಾಕೈದು ಗುಂಟೆ ನೆಲಸಮ ಆಗಿರ್ತೈತಿ. ಆ ಹೊತ್ತಿಗೆ ಸಿಟ್ಟು ಬರೋದು ಸಹಜ, ಆದ್ರ ಆ ಸಿಟ್ಟಿನಾಗ ಮೊದಲನೇ ದಿನ ನೀವು ಏನ ಮಾಡ್ತೀರಿ ಅನ್ನೋದರ ಮ್ಯಾಲ ಮುಂದ ನಿಮಗ ರೊಕ್ಕ ಬರ್ತೈತೋ ಇಲ್ಲೋ ಅನ್ನೋದು ನಿಂತಿರ್ತೈತಿ. ಇದನ್ನ ನಾನು ಎರಡೂ ಕಡೆ ನಿಂತು ನೋಡೀನಿ, ದನ ಹಿಡದವರ ಮನಿಯಾಗೂ, ದನ ಕಳಕೊಂಡವರ ಮನಿಯಾಗೂ.

ಮೊದಲನೇದು ನಮ್ಮಪ್ಪಂದು. ಅಣ್ಣಿಗೇರಿ ಕಡೆ ನಮ್ಮ ಎರಿ ಹೊಲಕ್ಕ ರಾತ್ರಿ ಎರಡು ಎತ್ತು ಬಿದ್ದು ಕಡ್ಲಿ ಹಾಳ ಮಾಡಿದ್ವು. ಅಪ್ಪ ಅವನ್ನ ಹೊಡ್ಕೊಂಡು ಬಂದು ಮನಿಮುಂದ ಕಟ್ಟಿದ, ಎತ್ತಿನ ಮಾಲಕ ಮರುದಿನ ಬಂದ್ರ ಹದಿನೈದು ಸಾವಿರ ಕೊಟ್ಟು ಬಿಡಿಸ್ಕೊಂಡು ಹೋಗು ಅಂದ. ಅವ ಎರಡು ಸಾವಿರ ಅಂದ. ಒಂಬತ್ತು ದಿನ ಎತ್ತು ನಮ್ಮ ಮನಿಮುಂದನ ಇದ್ವು, ಕಣಕಿ ನಮ್ಮದು, ಹಿಂಡಿ ನಮ್ಮದು, ನೀರು ಕುಡಿಸೋದು ನಮ್ಮವ್ವನ ಕೆಲಸ. ಹತ್ತನೇ ದಿನ ಅವ ಹತ್ತು ಮಂದಿ ಕರ್ಕೊಂಡು ಬಂದ, ಕೈ ಕೈ ಹತ್ತೋ ಹಂಗಾತು, ಕಡೀಕ ಪೊಲೀಸ್ ಸ್ಟೇಷನ್ನಿಗೆ ಹೋತು, ಅಲ್ಲಿ ಅಪ್ಪಗ ಕೇಳಿದ ಮೊದಲ ಪ್ರಶ್ನಿ ಏನಂದ್ರ "ಒಂಬತ್ತು ದಿನ ಯಾರ ಪರ್ಮಿಷನ್ ಮ್ಯಾಲ ಮಂದಿ ಎತ್ತು ಕಟ್ಕೊಂಡು ಕುಂತಿ?" ಹಾನಿ ಆದವ ನಮ್ಮಪ್ಪ, ಆದ್ರ ತಪ್ಪಿತಸ್ಥನ ಹಂಗ ನಿಂತವನೂ ನಮ್ಮಪ್ಪನ. ಎರಡು ಸಾವಿರನ ಬಂತು, ಮೇವಿಗೆ ಹೋಗಿದ್ದು ಅದಕ್ಕಿಂತ ಜಾಸ್ತಿ. ಆ ಎತ್ತಿನ ಮಾಲಕನ ಊರಿಗೆ ನಮ್ಮ ಅತ್ತಿನ್ನ ಕೊಟ್ಟಾರ, ಐದು ವರ್ಷ ಆಕಿ ತವರುಮನಿಗೆ ಬರೋದು ಕಷ್ಟಾತು. ನನಗ ಇವತ್ತೂ ಅದು ನೋವಿನ ವಿಷಯ.

ಅದರಿಂದ ನಾ ಕಲ್ತಿದ್ದು ಇಷ್ಟ, ದನ ಬ್ಯಾರೆ ರೊಕ್ಕ ಬ್ಯಾರೆ. ರೊಕ್ಕಕ್ಕ ದನ ಒತ್ತಿ ಇಟ್ಕೊಂಡ್ರ ಖರ್ಚೂ ದಿನಾ ಬೆಳಿತೈತಿ, ಸಿಟ್ಟೂ ದಿನಾ ಬೆಳಿತೈತಿ, ಕಾಯ್ದೆನೂ ನಿಮ್ಮ ಕೈ ಬಿಡ್ತೈತಿ.

ಮೊದಲನೇ ತಾಸಿನಾಗ

ದನ ಹೊಲದಾಗ ಇರುವಾಗನ ಫೋಟೋ ತಗೀರಿ, ವಿಡಿಯೋ ಆದ್ರ ಇನ್ನೂ ಚಲೋ. ಹೊರಗ ಹೊಡದ ಮ್ಯಾಲ ತಗದ ಫೋಟೋದಾಗ ಬರೇ ತುಳದ ಬೆಳಿ ಕಾಣ್ತೈತಿ, ಯಾರ ದನ ತುಳೀತು ಅನ್ನೋದು ಕಾಣೋದಿಲ್ಲ. ಫೋನಿನಾಗ ಲೊಕೇಶನ್ ಆನ್ ಮಾಡ್ಕೊಳ್ರಿ. ಬದುವಿನ ಕಲ್ಲು, ಬೇವಿನ ಗಿಡ, ಬೋರ್ ಏನರ ಒಂದು ಗುರ್ತು ಫೋಟೋದಾಗ ಬರ್ಲಿ, ನಿಮ್ಮ ಹೊಲಾನ ಅಂತ ಗೊತ್ತಾಗಬೇಕು. ಮಗ್ಗಲ ಹೊಲದವರನ್ನ ಇಬ್ಬರನ್ನ ಕರ್ಕೊಂಡು ಬಂದು ತೋರಸ್ರಿ, ಅದರಾಗ ಒಬ್ಬರು ನಿಮ್ಮ ಬೀಗರು ನೆಂಟರು ಅಲ್ಲದವರು ಇದ್ರ ಅವರ ಮಾತಿಗೆ ತೂಕ ಜಾಸ್ತಿ.

ಆಮ್ಯಾಲ ದನಾನ ಹೊಡಿಬ್ಯಾಡ್ರಿ. ಕೈ ಮುಗದು ಹೇಳ್ತೀನಿ, ಬಡಿಗಿ ತಗೊಂಡು ಕಾಲ ಮುರದ ಮ್ಯಾಲ ನಿಮ್ಮ ಹಾನಿ ಲೆಕ್ಕ ಯಾರೂ ಕೇಳೋದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಪ್ರಾಣಿ ಕೊಲ್ಲೋದು, ಇಸ ಹಾಕೋದು, ಊನ ಮಾಡೋದು ಐದು ವರ್ಷದವರೆಗೂ ಜೈಲಿಗೆ ಹಾಕೋ ಅಪರಾಧ. ಮೂಕ ಪ್ರಾಣಿಗೆ ಬದು ಯಾವುದು ಹೊಲ ಯಾವುದು ಏನ ಗೊತ್ತು, ಕಟ್ಟೋದು ಮರತವನು ಅದರ ಮಾಲಕ.

ಹಿಡದು ಕಟ್ಟೋದಾದ್ರ ನೆರಳಿನಾಗ ಕಟ್ರಿ, ನೀರು ಇಡ್ರಿ. ಇಲ್ಲೊಂದು ಮುಖ್ಯ ವಿಷಯ, ಜ್ವಾಳದ ಕೂಳಿ (ಕೊಯ್ದ ಮ್ಯಾಲ ಬರೋ ಚಿಗುರು) ಅಥವಾ ಎಳೇ ಜ್ವಾಳ ಮೇದಿದ್ರ ದನಕ್ಕ ಇಸ ಏರ್ತೈತಿ, ಅದರಾಗ ಸಯನೈಡ್ ಅಂಶ ಇರ್ತೈತಿ, ತಾಸಿನೊಳಗ ಬಿದ್ದು ಸತ್ತಿದ್ದೂ ಉಂಟು. ಗೋವಿನಜೋಳದ ರಾಶಿಗೆ ಬಾಯಿ ಹಾಕಿ ಹೊಟ್ಟಿ ಉಬ್ಬಸ್ಕೊಂಡ್ರೂ ಹಂಗ. ಎಣ್ಣಿ (ಕೀಟನಾಶಕ) ಹೊಡದ ಹೊಲ ಆಗಿದ್ರಂತೂ ಕೇಳಬ್ಯಾಡ್ರಿ. ದನ ಜೊಲ್ಲು ಸುರಸಾಕತ್ತಿದ್ರ, ಉಸರಾಡಾಕ ತ್ರಾಸ ಪಡಾಕತ್ತಿದ್ರ ಕೂಡ್ಲೇ ದನದ ಡಾಕ್ಟರ್‌ಗೆ ಫೋನ್ ಹಚ್ಚ್ರಿ, 1962 ಅಂತ ಪಶು ಆಸ್ಪತ್ರಿ ಗಾಡಿ ನಂಬರ್ ಐತಿ. ಸತ್ತು ಹೋದ್ರ ಹೂಳಾಕ ಬಿಡಬ್ಯಾಡ್ರಿ, ಡಾಕ್ಟರ್ ಕಡೆಯಿಂದ ಪೋಸ್ಟ್‌ಮಾರ್ಟಮ್ ಮಾಡಸ್ರಿ, ಇಲ್ಲಂದ್ರ "ಇವನ ಇಸ ಹಾಕಿದ" ಅನ್ನೋ ಮಾತಿಗೆ ನಿಮ್ಮ ಹತ್ರ ಉತ್ತರ ಇರೋದಿಲ್ಲ.

ಯಾರದು ಅಂತ ಹುಡುಕೋದು

ಕಿವಿ ನೋಡ್ರಿ ಮೊದಲ. ಹಳದಿ ಟ್ಯಾಗ್ ಇದ್ರ ಅದರ ಮ್ಯಾಲ 12 ಅಂಕಿ ನಂಬರ್ ಇರ್ತೈತಿ, ಅದನ್ನ ಪಶು ಆಸ್ಪತ್ರಿಯಾಗ ಕೊಟ್ರ ಮಾಲಕನ ಹೆಸರು ಊರು ಅವರ ಆನ್‌ಲೈನ್ ದಾಖಲಿಯಾಗ ಸಿಗ್ತೈತಿ. ಟ್ಯಾಗ್ ಇಲ್ಲಂದ್ರ ಊರಾಗ ಡಂಗರ ಸಾರಸ್ರಿ, ಹಾಲಿನ ಡೇರಿಯಾಗ ಹೇಳ್ರಿ, ಸುತ್ತಿನ ಊರಿನ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕ್ರಿ. ಫೋಟೋ ಹಾಕುವಾಗ ಪೂರ್ತಿ ದನ ಹಾಕಬ್ಯಾಡ್ರಿ, ಒಂದು ಗುರ್ತು ನಿಮ್ಮ ಹತ್ರನ ಇಟ್ಕೊಳ್ರಿ, ಬಲಗೊಂಬಿನ ತುದಿ ಸೀಳಿದ್ದೋ, ಕೆಳಹೊಟ್ಟಿ ಮ್ಯಾಲಿನ ಬಿಳಿ ಮಚ್ಚಿಯೋ ಏನೋ ಒಂದು. ನಂದು ಅಂತ ಬಂದವರನ್ನ ಆ ಗುರ್ತು ಕೇಳ್ರಿ. ಖರೇ ಮಾಲಕ ನೀವು ಕೇಳೋಕಿಂತ ಮೊದಲ ಹೇಳ್ತಾನ. ಸಂತಿಯಾಗ ತಗೊಂಡ ಚೀಟಿ, ವಿಮೆ ಕಾಗದ, ಡೇರಿ ಪಾಸ್‌ಬುಕ್, ಹಳೇ ಫೋಟೋ ಏನರ ಇದ್ರ ನೋಡ್ರಿ. ದೂರ ನಿಂತು ಹೆಸರ ಹಿಡದು ಕರಿ ಅಂತ ಹೇಳ್ರಿ, ಎಮ್ಮಿ ತನ್ನ ಮನಿಯವರ ದನಿಗೆ ಕಿವಿ ನಿಮಿರಸ್ತೈತಿ. ಇಬ್ಬರು ನಂದು ನಂದು ಅಂತ ಬಂದ್ರ ಯಾರಿಗೂ ಕೊಡಬ್ಯಾಡ್ರಿ, ಸೀದಾ ಪಂಚಾಯ್ತಿ ಅಥವಾ ಸ್ಟೇಷನ್.

ಗೋಶಾಲೆಗೆ ಬಿಡ್ತೀನಂತ ನೀವಾಗೇ ಗಾಡಿಯಾಗ ಏರಸಬ್ಯಾಡ್ರಿ. ಕಾಗದ ಪತ್ರ ಇಲ್ಲದ ದನ ಗಾಡಿಯಾಗ ಸಿಕ್ರ 2020ರ ಗೋಹತ್ಯೆ ನಿಷೇಧ ಕಾಯ್ದೆ ಅಡಿ ಉತ್ತರ ಕೊಡೋದು ನೀವಾಗ್ತೀರಿ, ನಿಮ್ಮ ಮನಸ್ಸು ಎಷ್ಟ ಒಳ್ಳೇದಿದ್ರೂ.

ಕೊಂಡವಾಡ ಅಂದ್ರ ಏನು, ಅಲ್ಲಿ ಕಟ್ಟಿದ ದಂಡ ಯಾರಿಗೆ

ಹಳೇ ಮಂದಿಗೆ ಕೊಂಡವಾಡ ಅಂದ್ರ ಗೊತ್ತು, ಮಂದಿ ಹೊಲಕ್ಕ ನುಗ್ಗಿದ ದನ ಕೂಡಿ ಹಾಕೋ ಸರ್ಕಾರಿ ಜಾಗ, ದಕ್ಷಿಣದ ಕಡೆ ದೊಡ್ಡಿ ಅಂತಾರ. ಬ್ರಿಟಿಷರ ಕಾಲದ 1871ರ ದನಗಳ ಅತಿಕ್ರಮ ಪ್ರವೇಶ ಕಾಯ್ದೆಯಿಂದ ಬಂದ ಪದ್ಧತಿ ಇದು, ಆಮ್ಯಾಲ ನಮ್ಮ ರಾಜ್ಯಕ್ಕ 1966ರಾಗ ತನ್ನದೇ ಕಾಯ್ದೆ ಆತು. ಒಳಗಿನ ಮುಖ್ಯ ಮಾತು ಏನಂದ್ರ, ನಿಮ್ಮ ಹೊಲಕ್ಕ ನುಗ್ಗಿ ಹಾಳ ಮಾಡಾಕತ್ತಿದ ದನಾನ ಹಿಡಿಯೋ ಹಕ್ಕು ನಿಮಗೈತಿ, ಆದ್ರ ಹಿಡದ ಮ್ಯಾಲ 24 ತಾಸಿನೊಳಗ ಕೊಂಡವಾಡಕ್ಕ ಮುಟ್ಟಸಬೇಕು. ನಮ್ಮಪ್ಪ ಸೋತಿದ್ದು ಇಲ್ಲೇ.

ಬಾಳ ಊರಾಗ ಈಗ ಕೊಂಡವಾಡದ ಗೋಡಿ ಬಿದ್ದು ಜಾಲಿ ಬೆಳದೈತಿ. ನಿಮ್ಮೂರಾಗೂ ಹಂಗ ಇದ್ರ ಪಂಚಾಯ್ತಿ ಪಿಡಿಓಗೆ (ಅಭಿವೃದ್ಧಿ ಅಧಿಕಾರಿಗೆ) ಒಂದು ಅರ್ಜಿ ಬರೀರಿ, "ಇಂಥಾ ದಿನ ಇಷ್ಟು ಗಂಟೆಗೆ ನನ್ನ ಸರ್ವೆ ನಂಬರ್ ಇಷ್ಟರ ಹೊಲದಾಗ ಇಂಥಾ ದನ ಸಿಕ್ಕೈತಿ, ಇಡಾಕ ಜಾಗ ತೋರಸ್ರಿ" ಅಂತ, ಕಾಪಿ ಮ್ಯಾಲ ಸ್ವೀಕೃತಿ ಸಿಕ್ಕಾ ಹಾಕಸ್ಕೊಳ್ರಿ. ಪಂಚಾಯ್ತಿ ಬಂದ್ ಇದ್ರ 112ಕ್ಕ ಫೋನ್ ಮಾಡಿ ತಿಳಸ್ರಿ ಅಥವಾ ಸ್ಟೇಷನ್ನಾಗ ಒಂದು ಅರ್ಜಿ ಕೊಟ್ಟು ಹಿಂಬರಹ ತಗೋರಿ. ಅವರು ನಿಮ್ಮ ಹತ್ರನ ಇಟ್ಕೊ ಅಂದ್ರೂ ಅಡ್ಡಿಲ್ಲ, ಮುಚ್ಚಿಟ್ಟಿಲ್ಲ ಅನ್ನೋದು ಕಾಗದದ ಮ್ಯಾಲ ಬಂತಲ್ಲ, ಅದು ಬೇಕಾಗಿದ್ದು.

ಬಾಳ ಮಂದಿ ತಪ್ಪು ತಿಳ್ಕೊಳ್ಳೋದು ಇನ್ನೊಂದೈತಿ, ಕೊಂಡವಾಡದಾಗ ಮಾಲಕ ಕಟ್ಟೋ ದಂಡ ಮತ್ತ ಮೇವಿನ ಖರ್ಚು ಸರ್ಕಾರದ ಕಡೆ ಹೋಗ್ತೈತಿ, ನಿಮ್ಮ ಕಿಸೆಗೆ ಬರೋದಿಲ್ಲ. "ದಂಡ ಕಟ್ಟೀನಲ್ಲ, ಇನ್ನೇನು ಕೇಳ್ತಿ" ಅಂತ ಮಾಲಕ ಅಂದ್ರ ಅದು ಸರಿ ಅಲ್ಲ. ನಿಮ್ಮ ಬೆಳಿ ಹಾನಿ ಪರಿಹಾರ ಬ್ಯಾರೆ, ಅದನ್ನ ಕೇಳೋ ಹಕ್ಕು ಹಂಗ ಇರ್ತೈತಿ.

ಲೆಕ್ಕ ಮಾಡೋದು, ಇಲ್ಲೇ ಜಗಳ ಹುಟ್ಟೋದು

ಕೇಳೋವ ಸುಮ್ಮ ಒಂದು ದೊಡ್ಡ ಅಂಕಿ ಒಗಿತಾನ, ಕೊಡೋವ ಸುಮ್ಮ ಒಂದು ಸಣ್ಣ ಅಂಕಿ ಒಗಿತಾನ, ಆಮ್ಯಾಲ ಇಬ್ಬರಿಗೂ ತಮ್ಮ ಅಂಕಿ ಮರ್ಯಾದಿ ಪ್ರಶ್ನಿ ಆಗ್ತೈತಿ. ಹದಿನೈದು ಸಾವಿರ ಅನ್ನೋದು ನಮ್ಮಪ್ಪ ಎಲ್ಲಿಂದ ತಗದ ಅಂತ ಅವಗೂ ಗೊತ್ತಿರ್ಲಿಲ್ಲ. ಅದಕ್ಕ ಅಂಕಿ ಹೇಳೋಕಿಂತ ಮೊದಲ ಹಾಳಾಗಿದ್ದು ಎಷ್ಟು ಗುಂಟೆ ಅಂತ ಇಬ್ಬರೂ ಕೂಡಿ ಅಳೀರಿ. ಹಗ್ಗ ಹಿಡದು ಅಳದ್ರೂ ನಡಿತೈತಿ, ಆದ್ರ ಮಾಲಕ ಅಲ್ಲೇ ನಿಂತಿರಬೇಕು.

ಉದಾಹರಣಿಗೆ ಹಾವೇರಿ ಕಡೆ ಗೋವಿನಜೋಳ ತೆನಿ ಹಿಡದಾಗ 6 ಗುಂಟೆ ಪೂರ್ತಿ ಹೋತು ಅನ್ಕೊಳ್ರಿ. ಮಗ್ಗಲ ಹೊಲದಾಗ ಎಕರೆಗೆ 20 ಕ್ವಿಂಟಲ್ ಬರೋದಾದ್ರ, 40 ಗುಂಟೆಗೆ 20 ಅಂದ್ರ 6 ಗುಂಟೆಗೆ 3 ಕ್ವಿಂಟಲ್. ಎಪಿಎಂಸಿ ರೇಟು 2,000 ಅಂತ ಹಿಡದ್ರ 6,000. ಆದ್ರ ಆ 3 ಕ್ವಿಂಟಲ್ ಮುರಿಯೋ ಆಳು, ಮಷಿನ್, ಚೀಲ, ಗಾಡಿ ಬಾಡಿಗಿ ನಿಮಗ ಉಳೀತಲ್ಲ, ಅದಕ್ಕ ಒಂದು ಸಾವಿರ ತಗೀರಿ, 5,000 ಆತು. ಇದು ಇಬ್ಬರೂ ಒಪ್ಪೋ ಲೆಕ್ಕ. ಬೆಳಿ ಇನ್ನ ಸಣ್ಣದಿದ್ದು ಮತ್ತ ಬಿತ್ತಾಕ ಟೈಮ್ ಇದ್ರ ಪೂರ್ತಿ ಪೀಕಿನ ರೊಕ್ಕ ಕೇಳೋದು ನ್ಯಾಯ ಅಲ್ಲ, ಬೀಜ, ಗೊಬ್ಬರ, ಬಿತ್ತೋ ಕೂಲಿ ಕೇಳ್ರಿ. ಶೇಂಗಾ, ಹೆಸರು ತುಳದಿದ್ರ ಎರಡು ವಾರ ಬಿಟ್ಟು ನೋಡ್ರಿ, ಎಷ್ಟೋ ಸಲ ಅರ್ಧ ಗಿಡ ಮತ್ತ ಚಿಗೀತಾವು, ಹಂಗಂತ ಇಬ್ಬರೂ ಸಹಿ ಮಾಡಿ "ಎರಡು ವಾರದ ನಂತರ ಅಳಿಯೋದು" ಅಂತ ಬರದು ಇಟ್ಕೊಂಡ್ರ ಸಾಕು. ಬ್ಯಾಡಗಿ ಮೆಣಸಿನಕಾಯಿ, ತೋಟಗಾರಿಕಿ ಬೆಳಿಗೆ ಗಿಡ ಎಣಿಸೋದು ಒಳ್ಳೇದು, ಅಲ್ಲಿ ಗುಂಟೆ ಲೆಕ್ಕ ಸರಿ ಹೊಂದೋದಿಲ್ಲ.

ದನದ ರೇಟು ನಿಮ್ಮ ಲೆಕ್ಕದಾಗ ಬರಬಾರದು. ಹಾವೇರಿ ಕಡೆ ದೀಪಾವಳಿ ಆದಮ್ಯಾಲ ಹೋರಿ ಬೆದರಿಸೋ ಹಬ್ಬದಾಗ ಕೊಬ್ಬರಿ ಹೋರಿ (ಕೊಬ್ಬರಿ ಸರ ಕಟ್ಟಿ ಓಡಸೋ ಹೋರಿ) ಅಖಾಡ ದಾಟಿ ಓಡಿ ಮೈಲುಗಟ್ಲೆ ಆಚೆ ಯಾರದೋ ಹೊಲದಾಗ ಸಿಗ್ತೈತಿ. ಅಂಥಾ ಹೋರಿ ಲಕ್ಷಗಟ್ಲೆ ಬಾಳ್ತೈತಿ ಅಂತ ಐವತ್ತು ಸಾವಿರ ಕೇಳೋದು ಸುಲಿಗಿ ಆಗ್ತೈತಿ, ನಿಮಗ ಆಗಿದ್ದು ಐನೂರರ ಹಾನಿ ಆದ್ರ ಐನೂರ. ಅದರ ಹತ್ರ ಒಬ್ಬರ ಹೋಗಾಕೂ ಹೋಗಬ್ಯಾಡ್ರಿ, ಬೆದರಿದ ಹೋರಿ ಅದು. ಅದರ ಹೆಸರು, ಫೋಟೋ ಊರೂರಿನ ಹುಡುಗರ ಫೋನಿನಾಗ ಇರ್ತೈತಿ, ಒಂದ ಮೆಸೇಜಿಗೆ ಅದರ ಹುಡುಗರು ಓಡಿ ಬರ್ತಾರ.

ಸಾಕಿದ ಖರ್ಚು, ಮತ್ತ ಹಾಲಿನ ಲೆಕ್ಕ

ಎರಡನೇ ಕಥಿ ನಮ್ಮ ಎಮ್ಮಿದು. ಹೋದ ವರ್ಷ ಹಗ್ಗ ಹರ್ಕೊಂಡು ಹೋದದ್ದು ಆರನೇ ದಿನ ಗದಗ ತಾಲೂಕಿನ ಒಂದು ಊರಾಗ ಸಿಕ್ತು, ಒಬ್ಬ ವಯಸ್ಸಾದ ತಾಯಿ ಮನಿ ಹಿತ್ತಲದಾಗ ಬಂದು ನಿಂತಿತ್ತಂತ. ನಾನು ಅವ್ವ ಹೋದ್ವಿ, ದಾರಿಯಾಗ ಎಷ್ಟ ಕೇಳ್ತಾರೋ ಅಂತ ಅವ್ವಗ ಅಂಜಿಕಿ. ಆ ಯವ್ವ ನಮಗ ಚಾ ಕೊಟ್ಟು ಮೊಮ್ಮಗನ ಪಾಟಿಚೀಲದಾಗಿಂದ ಒಂದು ನೋಟ್‌ಬುಕ್ ತಗಸಿದ್ಲು. ಆಕಿ ಹೇಳಿದ್ದನ್ನ ಮೊಮ್ಮಗ ದಿನಾ ಬರದಿದ್ದ. ಕಣಕಿ ಹಿಂಡಿ ದಿನಕ್ಕ 150, ಆರು ದಿನಕ್ಕ 900. ಕಾಲಿಗೆ ಗಾಯ ಆಗಿತ್ತು, ಡಾಕ್ಟರ್ ಔಷಧ 400, ಚೀಟಿ ಅಂಟಿಸಿತ್ತು. ಕೂಡಿ 1,300. ಅದರ ಕೆಳಗ, ಹಾಲು ದಿನಕ್ಕ 3 ಲೀಟರ್, ಆರು ದಿನ 18 ಲೀಟರ್, ಲೀಟರಿಗೆ 40ರ ಪ್ರಕಾರ 720. "ಹಾಲು ನಿಮ್ಮ ಎಮ್ಮಿದು, ನಾವು ಡೇರಿಗೆ ಹಾಕೀವಿ, ಆ ರೊಕ್ಕ ನಿಮ್ಮದು, ಅದು ಕಳದು 580 ಕೊಡ್ರಿ ಸಾಕು" ಅಂದ್ಲು. ಅವ್ವ ಸಾವಿರ ಕೊಡಾಕ ಹೋದ್ರ ತಗೊಳ್ಳಿಲ್ಲ. ಮುಂದಿನ ಸೋಮವಾರ ಅವ್ವ ಮತ್ತ ಆ ಊರಿಗೆ ಹೋಗಿ ಆಕಿಗೆ ಉಡಿ ತುಂಬಿ ಬಂದ್ಲು, ಈಗೂ ಹಬ್ಬಕ್ಕ ಹೋಳಿಗಿ ಡಬ್ಬಿ ಹೋಗ್ತೈತಿ.

ನಾನು ಇದನ್ನ ಬರೀಬೇಕು ಅನ್ಕೊಂಡಿದ್ದೇ ಆ ನೋಟ್‌ಬುಕ್ ನೋಡಿದ ಮ್ಯಾಲ. ಹಾಲು, ಎತ್ತಿನ ದುಡಿಮಿ ಇವೆರಡನ್ನೂ ಕಳೀಲಾರದ ಬರೇ ಮೇವಿನ ಖರ್ಚು ಕೇಳಿದ್ರ ಮಾಲಕಗ ಒಳಗ ಉರೀತೈತಿ, ಮತ್ತ ಅವನ ಉರಿ ಸರಿನೂ ಐತಿ. ಹಂಗ ಮಾಲಕರೂ ಕೇಳ್ರಿ, ನಿಮ್ಮ ದನಕ್ಕ ಇನ್ನೊಬ್ಬರು ಮೇವು ನೀರು ಹಾಕಿ ಉಳಿಸ್ಯಾರ ಅಂದ್ರ "ನಾನೇನ ಸಾಕಂತ ಹೇಳಿದ್ನೇನು" ಅನ್ನಬ್ಯಾಡ್ರಿ, 1872ರ ಕಾಂಟ್ರ್ಯಾಕ್ಟ್ ಕಾಯ್ದೆ 70ನೇ ಕಲಂ ಪ್ರಕಾರ ಧರ್ಮಕ್ಕ ಅಂತ ಅಲ್ಲದ ನ್ಯಾಯವಾಗಿ ಮಾಡಿದ ಕೆಲಸದ ಲಾಭ ನೀವು ತಗೊಂಡ್ರ ಅದರ ರೊಕ್ಕ ಕೊಡಬೇಕಾಗ್ತೈತಿ. ತಮ್ಮ ಮೈದುಡಿಮಿಗೆ ಅಂತ ಒಂದೀಟು ಕೇಳಿದ್ರೂ ಕೊಡ್ರಿ.

ಮಾತಿಗೆ ಕುಂದ್ರೋದು

ಮಾಲಕ ಬಂದ ಕೂಡ್ಲೇ ರೊಕ್ಕದ ಮಾತು ತಗೀಬ್ಯಾಡ್ರಿ, ಮೊದಲ ಹೊಲ ತೋರಸ್ರಿ. ನೋಡಿದವಗ ಹೊಟ್ಟಿ ಚುರ್ ಅಂತೈತಿ, ಅವನೂ ರೈತನ. ಆಮ್ಯಾಲ ಗುಡಿ ಕಟ್ಟಿ ಮ್ಯಾಲ ಎರಡೂ ಕಡೆ ಒಬ್ಬೊಬ್ಬ ಹಿರೇರು ಕುಂತು ಮಾತಾಡ್ರಿ, ಇಪ್ಪತ್ತು ಮಂದಿ ಕೂಡಿಸಬ್ಯಾಡ್ರಿ, ಮಂದಿ ಹೆಚ್ಚಾದಂಗ ಯಾರಿಗೂ ಸೋಲಾಕ ಆಗೋದಿಲ್ಲ. "ಕಾಕಾ, ನಿಮ್ಮ ಹೊಲಕ್ಕ ಹಿಂಗಾಗಿದ್ರ ನೀವು ಏನ ಕೇಳ್ತಿದ್ರಿ ಹೇಳ್ರಿ" ಅಂತ ಕೇಳಿ ಸುಮ್ಮ ಕುಂದ್ರೋದರಿಂದ ಬಗಿಹರದಷ್ಟು ಒದರಾಡೋದರಿಂದ ಬಗಿಹರಿಯೋದಿಲ್ಲ.

ರೊಕ್ಕ ಇಲ್ಲದವರು ಇರ್ತಾರ. ಅವರ ಕಡೆಯಿಂದ ಒಂದ ದಿನದ ಗಳೆ, ಎರಡು ಗಾಡಿ ತಿಪ್ಪಿಗೊಬ್ಬರ, ರಾಶಿ ಟೈಮಿಗೆ ನಾಕು ಆಳು ಹಿಂಗ ತಗೋರಿ. ಕುರಿ ಹಿಂಡು ಬಿದ್ದಿದ್ರ ಇದು ಇನ್ನೂ ಚಲೋ, ಸುಗ್ಗಿ ಆದಮ್ಯಾಲ ಎರಡು ರಾತ್ರಿ ನಮ್ಮ ಹೊಲದಾಗ ಕುರಿ ನಿಲ್ಲಸ್ರಿ ಅಂತ ಮಾತು ಮಾಡ್ಕೊಳ್ರಿ, ನೀವು ರೊಕ್ಕ ಕೊಟ್ಟು ನಿಲ್ಲಸೋದು ತಪ್ಪಿ ಗೊಬ್ಬರ ಆಗ್ತೈತಿ. ಆದ್ರ ಸಂಚಾರಿ ಕುರಿಗಾರರು ನಾಳೆ ಇನ್ನೊಂದು ಊರಾಗ ಇರ್ತಾರ, ಅವತ್ತ ಮಾತಾಡಿ ಫೋನ್ ನಂಬರ್ ತಗೋರಿ. ಒತ್ತಿ ಅಂತ ಒಂದು ಟಗರು ಹಿಡ್ಕೊಂಡು ಇಟ್ಕೊಳ್ಳೋದು ಕೆಲವ ಕಡೆ ರೂಢಿ ಐತಿ, ಅದನ್ನ ಮಾತ್ರ ಮಾಡಬ್ಯಾಡ್ರಿ, ಕಳ್ಳತನದ ಕಂಪ್ಲೇಂಟ್ ಬಿದ್ರ ನಿಮ್ಮ ಹಾನಿ ಮಾತು ಅಲ್ಲಿಗೆ ಸತ್ತಂಗ.

ಒಪ್ಪಿಗಿ ಆದ ಮ್ಯಾಲ, ಅಥವಾ ರೊಕ್ಕದ ಮಾತು ಮುಗೀಲಾರದ ದನ ಕೊಟ್ಟು ಕಳಸುವಾಗ, ಒಂದು ಹಾಳಿ ಮ್ಯಾಲ ಬರಸ್ಕೊಳ್ರಿ. ನಾವು ಬರದದ್ದು ಹಿಂಗಿತ್ತು:

"ದಿನಾಂಕ ____ ರಂದು ____ ಗ್ರಾಮದ ____ ಆದ ನಾನು, ಕಿವಿಯಲ್ಲಿ ____ ನಂಬರಿನ ಟ್ಯಾಗ್ ಇರುವ ನನ್ನ ಒಂದು ಎಮ್ಮೆಯನ್ನು ____ ಗ್ರಾಮದ ____ ಇವರಿಂದ ವಾಪಸ್ ಪಡೆದಿರುತ್ತೇನೆ. ಮೇವು ಮತ್ತು ಔಷಧದ ಖರ್ಚಿನಲ್ಲಿ ಹಾಲಿನ ಹಣ ಕಳೆದು ರೂ. ____ ಕೊಟ್ಟಿರುತ್ತೇನೆ. ಬೆಳೆ ಹಾನಿ ಆಗಿದ್ದು ____ ಗುಂಟೆ ಎಂದು ಇಬ್ಬರೂ ಅಳೆದು ಒಪ್ಪಿರುತ್ತೇವೆ. ಇದರ ಬಾಬತ್ತು ರೂ. ____ ಅನ್ನು ದಿನಾಂಕ ____ ರೊಳಗೆ ಕೊಡುತ್ತೇನೆ."

ಇಬ್ಬರ ಸಹಿ, ಇಬ್ಬರು ಸಾಕ್ಷಿ, ಎರಡು ಕಾಪಿ. ಅಂಕಿ ಬಗ್ಗೆ ಒಪ್ಪಿಗಿ ಆಗಿಲ್ಲಂದ್ರೂ ಗುಂಟೆ ಬಗ್ಗೆ ಒಪ್ಪಿಗಿ ಬರಸ್ಕೊಳ್ರಿ, ಅದ ದೊಡ್ಡದು. ರೊಕ್ಕ ಫೋನ್‌ಪೇ ಮ್ಯಾಲ ತಗೊಂಡ್ರ ದಾಖಲಿ ತಾನ ಉಳಿತೈತಿ.

ಒಪ್ಪಲೇ ಇಲ್ಲಂದ್ರ

ದನ ಮಾತ್ರ ಬಿಟ್ಟು ಕಳಸ್ರಿ, ಕಾಗದ ಇಟ್ಕೊಳ್ರಿ. ಆಮ್ಯಾಲ ತಾಲೂಕಾ ಕೋರ್ಟಿನಾಗ ಕಾನೂನು ಸೇವಾ ಸಮಿತಿ ಅಂತ ಇರ್ತೈತಿ, ಅಲ್ಲಿ ಒಂದು ಅರ್ಜಿ ಕೊಟ್ರ ಕೇಸ್ ಹಾಕೋಕಿಂತ ಮೊದಲ ಎರಡೂ ಕಡೆಯವರನ್ನ ಕರಸಿ ಮಾತಾಡಸ್ತಾರ, ಲೋಕ ಅದಾಲತ್ತಿಗೆ ಇಡ್ತಾರ. ಕೋರ್ಟ್ ಫೀ ಇಲ್ಲ, ಅಲ್ಲಿ ಆದ ರಾಜಿ ಕೋರ್ಟಿನ ಡಿಕ್ರಿಗೆ, ಅಂದ್ರ ತೀರ್ಪಿಗೆ ಸಮ. ಹೆಣ್ಣಮಕ್ಕಳಿಗೆ, ಎಸ್‌ಸಿ ಎಸ್‌ಟಿ ಮಂದಿಗೆ ಆದಾಯ ಎಷ್ಟಿದ್ರೂ ವಕೀಲರು ಫ್ರೀ. ಫೋನ್ ನಂಬರ್ 15100. ಐದಾರು ಸಾವಿರದ ಹಾನಿಗೆ ಸಿವಿಲ್ ಕೇಸ್ ಹಾಕಿ ವರ್ಷಗಟ್ಲೆ ಅಡ್ಡಾಡೋದು ಬ್ಯಾಡ ಅಂತ ನಾ ಹೇಳ್ತೀನಿ, ಆದ್ರ ತೋಟನ ಹೋಗಿದ್ರ ಹಾಕಲೇಬೇಕು, ಮೂರು ವರ್ಷದೊಳಗ ಹಾಕ್ರಿ.

ಮ್ಯಾಲಿಂದ ಮ್ಯಾಲ ಬೇಕಂತ ಬಿಡೋರು ಇರ್ತಾರ, ರಾತ್ರಿ ಹಗ್ಗ ಬಿಚ್ಚಿ ಮಂದಿ ಹೊಲಕ್ಕ ಮೇಯಾಕ ಕಳಸೋರು. ಅವರ ಜೋಡಿ ಗುಡಿ ಕಟ್ಟಿ ಮಾತು ಸಾಕು, ಪ್ರತೀ ಸಲ ತಾರೀಖು ಬರದು ಫೋಟೋ ಇಟ್ಟು ಮೂರನೇ ಸಲಕ್ಕ ಸೀದಾ ಕೊಂಡವಾಡ ಮತ್ತ ಸ್ಟೇಷನ್ ಮಾಡ್ರಿ. ದೇವರಿಗೆ ಬಿಟ್ಟ ಗೂಳಿ ಬಂದಿದ್ರ ಗುಡಿ ಕಮಿಟಿಯವರಿಗೆ ಹೇಳ್ರಿ, ಅದರ ಮ್ಯಾಲ ರೊಕ್ಕ ಹುಟ್ಟೋದು ಕಷ್ಟ. ಹುಬ್ಬಳ್ಳಿ ಧಾರವಾಡ ಸಿಟಿಯಾಗ ಬಿಡಾಡಿ ದನ ಕಾಂಪೌಂಡಿನಾಗ ಬಂದ್ರ ಪಾಲಿಕಿಗೆ ಫೋನ್ ಮಾಡಿ ಹಿಡಸ್ರಿ, ಹಾಳಾದ ಸಾಮಾನಿನ ಫೋಟೋ ಇಟ್ಕೊಳ್ರಿ, ಮಾಲಕ ಬಿಡಿಸ್ಕೊಳ್ಳಾಕ ಬಂದಾಗ ಅವನ ವಿಳಾಸ ಅಲ್ಲೇ ಸಿಗ್ತೈತಿ.

ದನ ಸಾಕಿದವರು ಇವತ್ತ ಒಂದು ಕೆಲಸ ಮಾಡ್ರಿ, ಗೋದಲಿ ಮುಂದ ನಿಂತು ಪ್ರತಿಯೊಂದು ದನದ್ದೂ ಮುಖ, ಎರಡೂ ಮಗ್ಗಲು, ಕಿವಿ ಟ್ಯಾಗ್ ನಂಬರ್ ಫೋಟೋ ತಗದು ಫೋನಿನಾಗ ಇಟ್ಕೊಳ್ರಿ, ಟ್ಯಾಗ್ ಇಲ್ಲದ್ದಕ್ಕ ಪಶು ಆಸ್ಪತ್ರಿಯಾಗ ಹಾಕಸ್ರಿ. ನಮ್ಮ ಎಮ್ಮಿ ಆರು ದಿನಕ್ಕ ಸಿಕ್ಕಿದ್ದು ಆ ಮೊಮ್ಮಗ ಟ್ಯಾಗ್ ನಂಬರ್ ಓದಿ ಡಾಕ್ಟರ್‌ಗೆ ಹೇಳಿದ್ದರಿಂದ.